ಲಾಗಿನ್ ಆದವರು ಎಲ್ಲಿ ಹೋದರು?

ಬೆಂಗಳೂರಿನ ಸಾರಕ್ಕಿ ಸುತ್ತಮುತ್ತಲಿನ ಪಿ.ಜಿ.ಗಳಲ್ಲಿ ಹೊಸ ಸೆಮಿಸ್ಟರ್ ಶುರುವಾಯಿತೆಂದರೆ ಹೊಸ ರೂಮ್‌ಮೇಟ್, ಹೊಸ ಟೈಮ್‌ಟೇಬಲ್ ಜೊತೆಗೆ ಫೋನಿಗೆ ಹೊಸದೊಂದು ಆರೋಗ್ಯದ ಆ್ಯಪ್ ಕೂಡ ಬರುತ್ತದೆ. ಒಬ್ಬನಿಗೆ ಹೊಟ್ಟೆ ಕರಗಬೇಕು, ಇನ್ನೊಬ್ಬಳಿಗೆ ರಾತ್ರಿ ನಿದ್ದೆ ಹತ್ತಬೇಕು, ಮತ್ತೊಬ್ಬರಿಗೆ ವೈವಾ ಎಂದರೆ ಎದೆ ಹೊಡೆದುಕೊಳ್ಳುವುದು ನಿಲ್ಲಬೇಕು. ಮೊದಲ ವಾರ ಉತ್ಸಾಹವೋ ಉತ್ಸಾಹ. ಎರಡನೇ ವಾರ ನೋಟಿಫಿಕೇಷನ್ ಬಂದರೆ ‘ಆಮೇಲೆ ನೋಡೋಣ’. ಮೊದಲ ಇಂಟರ್ನಲ್ಸ್ ಹತ್ತಿರ ಬರುವ ಹೊತ್ತಿಗೆ ಆ್ಯಪ್ ಫೋನಿನ ಯಾವುದೋ ಮೂಲೆ ಸೇರಿರುತ್ತದೆ. ಅಳಿಸಿಲ್ಲ, ತೆರೆಯುವುದೂ ಇಲ್ಲ.

ಹಿರಿಯರ ತೀರ್ಪು ಸಿದ್ಧವಾಗಿಯೇ ಇರುತ್ತದೆ: ಈಗಿನ ಮಕ್ಕಳಿಗೆ ಹಿಡಿದದ್ದನ್ನು ಮುಗಿಸುವ ಛಲವಿಲ್ಲ. ವಿದ್ಯಾರ್ಥಿಗಳೂ ಹೆಚ್ಚುಕಡಿಮೆ ಇದನ್ನೇ ನಂಬಿ ತಮ್ಮನ್ನು ತಾವು ಬೈದುಕೊಳ್ಳುತ್ತಾರೆ. ಆದರೆ ಲೆಕ್ಕ ತೆಗೆದು ನೋಡಿದರೆ ಈ ತೀರ್ಪು ನಿಲ್ಲುವುದಿಲ್ಲ.

ಗುಂಥರ್ ಐಸೆನ್‌ಬಾಖ್ ಎಂಬ ಸಂಶೋಧಕರು 2005ರಲ್ಲಿ ‘ಲಾ ಆಫ್ ಅಟ್ರಿಷನ್’ ಎಂಬ ಲೇಖನ ಬರೆದರು. ಆನ್‌ಲೈನ್ ಆರೋಗ್ಯ ಕಾರ್ಯಕ್ರಮಗಳಲ್ಲಿ ಜನ ಮಧ್ಯದಲ್ಲೇ ಕಳಚಿಕೊಳ್ಳುವುದು ಅಪವಾದವಲ್ಲ, ಅದೇ ಅವುಗಳ ಸ್ವಭಾವ. ಆದ್ದರಿಂದ ಅದನ್ನು ಮುಚ್ಚಿಡದೆ ಅಳೆದು ಅಧ್ಯಯನ ಮಾಡಬೇಕು ಎಂಬುದು ಅವರ ವಾದ. ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು, ಪ್ಯಾನಿಕ್ ತೊಂದರೆ ಇರುವವರಿಗಾಗಿ ನಡೆದ 12 ವಾರಗಳ ಮುಕ್ತ ಕಾರ್ಯಕ್ರಮ. ಹೆಸರು ಬರೆಸಿದವರು 1,161 ಮಂದಿ. ಕೊನೆ ಮುಟ್ಟಿದವರು 12. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ ರೂಪಿಸಿದ ಹೆಸರಾಂತ ‘ಮೂಡ್‌ಜಿಮ್’ನಲ್ಲೂ ಸಾರ್ವಜನಿಕವಾಗಿ ಸೇರಿದವರ ಪೈಕಿ ಎಲ್ಲ ಪಾಠ ಮುಗಿಸಿದವರು ನೂರಕ್ಕೆ ಒಬ್ಬರೂ ಇರಲಿಲ್ಲ. ಮುಂದೆ 2019ರಲ್ಲಿ ಅಮಿತ್ ಬೌಮೆಲ್ ಮತ್ತು ಸಂಗಡಿಗರು 93 ಮಾನಸಿಕ ಆರೋಗ್ಯ ಆ್ಯಪ್‌ಗಳ ಬಳಕೆಯನ್ನು ಪರಿಶೀಲಿಸಿದಾಗ, 30ನೇ ದಿನಕ್ಕೂ ಆ್ಯಪ್ ತೆರೆಯುತ್ತಿದ್ದವರ ಮಧ್ಯಮ ಪ್ರಮಾಣ ಶೇ. 3.3 ಎಂದು ಕಂಡುಬಂತು.

ಇವರೆಲ್ಲ ಕಾಲೇಜು ಹುಡುಗರಲ್ಲ. ಎಲ್ಲ ವಯಸ್ಸಿನವರೂ ಇದ್ದಾರೆ. ನೂರರಲ್ಲಿ ತೊಂಬತ್ತಾರು ಜನ ಬಿಟ್ಟು ಹೋಗುವ ತರಗತಿಯೊಂದಿದ್ದರೆ ಮೊದಲು ಪಾಠವನ್ನು ನೋಡಬೇಕು, ಆಮೇಲೆ ಮಕ್ಕಳನ್ನು. ಆನ್‌ಲೈನ್ ಆರೋಗ್ಯದ ವಿಷಯದಲ್ಲಿ ಮಾತ್ರ ಈ ಕ್ರಮ ಯಾಕೋ ತಿರುವುಮುರುವಾಗಿದೆ.

ನಿಮ್ಹಾನ್ಸ್ ಹೇಳಿದ ಲೆಕ್ಕ

ದೂರದ ಉದಾಹರಣೆಗಳೇ ಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಸೀಮಾ ಮೆಹ್ರೋತ್ರಾ ಮತ್ತು ಸಹೋದ್ಯೋಗಿಗಳು ಖಿನ್ನತೆಯಿಂದ ಬಳಲುವ ನಗರವಾಸಿಗಳಿಗಾಗಿ ‘ಪುಶ್-ಡಿ’ ಎಂಬ ಸ್ವಸಹಾಯ ಕಾರ್ಯಕ್ರಮ ರೂಪಿಸಿದರು. ಅದರ ಮೊದಲ ಪ್ರಯೋಗದ ಫಲಿತಾಂಶ ಪ್ರಕಟವಾದದ್ದು 2018ರಲ್ಲಿ. ಪ್ರಯೋಗದಲ್ಲಿ ಪಾಲ್ಗೊಂಡವರು 78 ಮಂದಿ. ಅವರಲ್ಲಿ ಹೆಚ್ಚಿನವರು ಬಹಳ ಕಾಲದಿಂದ ನರಳುತ್ತಿದ್ದರೂ ಸಹಾಯ ಕೇಳುತ್ತಿದ್ದದ್ದು ಅದೇ ಮೊದಲು.

ಈ ಕಾರ್ಯಕ್ರಮದ ಕಟ್ಟಣೆ ಗಮನಿಸುವಂಥದ್ದು. ಒಟ್ಟು ಹತ್ತು ಭಾಗಗಳು. ಅವುಗಳಲ್ಲಿ ಐದು ಅಗತ್ಯ, ಉಳಿದ ಐದು ಮಾಡಿದರೆ ಒಳ್ಳೆಯದು ಎನ್ನುವಂಥವು. ಪ್ರಶ್ನೆಪತ್ರಿಕೆಯಲ್ಲಿ ಕಡ್ಡಾಯ ಪ್ರಶ್ನೆ, ಆಯ್ಕೆಯ ಪ್ರಶ್ನೆ ಎಂದು ವಿಂಗಡಿಸುವ ಹಾಗೆ. ಜನ ಎಲ್ಲವನ್ನೂ ಮಾಡಲಾರರು ಎಂಬ ಅರಿವು ಈ ವಿನ್ಯಾಸದಲ್ಲೇ ಇದೆ. ಆದರೂ ಅಗತ್ಯವಾದ ಐದು ಭಾಗಗಳನ್ನು ಪೂರ್ತಿ ಮುಗಿಸಿದವರು 31 ಮಂದಿ. ಉಳಿದ 47 ಮಂದಿ ಒಂದಲ್ಲ ಒಂದು ಹಂತದಲ್ಲಿ ನಿಂತರು. ತಜ್ಞರ ಬೆಂಬಲ ಇದ್ದೂ ಇಷ್ಟು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಮುಗಿಸಿದವರಲ್ಲಿ ಖಿನ್ನತೆಯ ತೀವ್ರತೆ ಸ್ಪಷ್ಟವಾಗಿ ಇಳಿದಿತ್ತು; ಅರ್ಧಕ್ಕೆ ನಿಂತವರ ಅಂಕಿಗಳನ್ನು ಸೇರಿಸಿ ನೋಡಿದಾಗಲೂ ಸುಧಾರಣೆ ಕಾಣಿಸಿತು. ಹೋಲಿಸಿ ನೋಡಲು ಇನ್ನೊಂದು ಗುಂಪು ಇಲ್ಲದ ಸಣ್ಣ ಪ್ರಯೋಗ ಇದು, ಹಾಗಾಗಿ ಅತಿಯಾಗಿ ಹಿಗ್ಗುವಂತಿಲ್ಲ. ಆದರೆ ಹತ್ತರಲ್ಲಿ ಮೂರೇ ಪಾಠ ಮಾಡಿ ನಿಲ್ಲಿಸಿದ ವಿದ್ಯಾರ್ಥಿ ‘ಎಲ್ಲ ವ್ಯರ್ಥವಾಯಿತು’ ಎಂದುಕೊಳ್ಳುವ ಅಗತ್ಯವಿಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಕೆಲವರು ಬಿಡುವುದು ಬೇಕಾದದ್ದು ಸಿಕ್ಕಿತು ಎಂಬ ಕಾರಣಕ್ಕೇ. ಉಸಿರಾಟದ ಒಂದು ಅಭ್ಯಾಸ ಕಲಿತು ಪರೀಕ್ಷೆಯ ಭಯ ತಗ್ಗಿದರೆ, ಆಮೇಲಿನ ಒಂಬತ್ತು ಪಾಠ ಯಾರಿಗೆ ಬೇಕು?

ತ್ರೀ ಶೇರಿಂಗ್ ಕೋಣೆಯಲ್ಲಿ

ಹಾಗಾದರೆ ಬೇಕಾದದ್ದು ಸಿಗುವ ಮೊದಲೇ ಬಿಡುವವರ ಕಥೆ ಏನು? ಕಾರಣಗಳನ್ನು ಮನಸ್ಸಿನೊಳಗೆ ಹುಡುಕುವ ಮುನ್ನ ಕೋಣೆಯನ್ನೊಮ್ಮೆ ನೋಡುವುದು ಒಳ್ಳೆಯದು.

ಮೂರು ಮಂಚ, ಮೂರು ಕಬ್ಬಿಣದ ಬೀರು, ನಡುವೆ ಒಬ್ಬರು ನಡೆದಾಡುವಷ್ಟು ಜಾಗ. ಯೋಗದ ಮ್ಯಾಟ್ ಹಾಸಬೇಕಾದರೆ ಇಬ್ಬರು ಮಂಚ ಹತ್ತಿ ಕೂರಬೇಕು. ಟೆರೇಸಿಗೆ ಹೋದರೆ ಒಣಹಾಕಿದ ಬಟ್ಟೆ, ನೀರಿನ ಟ್ಯಾಂಕು, ಫೋನಿನಲ್ಲಿ ಮಾತಾಡುತ್ತ ಅಡ್ಡಾಡುವ ನಾಲ್ಕು ಜನ. ‘ಶಾಂತವಾದ ಜಾಗದಲ್ಲಿ ಕಣ್ಣು ಮುಚ್ಚಿ ಕುಳಿತುಕೊಳ್ಳಿ’ ಎಂದು ಇಯರ್‌ಫೋನಿನಲ್ಲಿ ಮೃದುವಾದ ದನಿ ಹೇಳುವ ಹೊತ್ತಿಗೆ ಕೆಳಗಿನಿಂದ ಊಟಕ್ಕೆ ಕರೆ ಬರುತ್ತದೆ. ಹೋಗದಿದ್ದರೆ ಚಪಾತಿ ಖಾಲಿ.

ಮನಸ್ಸಿಗೆ ಸಂಬಂಧಿಸಿದ ಕಾರ್ಯಕ್ರಮಗಳ ಪಾಡು ಇನ್ನೂ ಸೂಕ್ಷ್ಮ. ಅವುಗಳಲ್ಲಿ ಹಲವು ಶುರುವಾಗುವುದು ಪಿಎಚ್‌ಕ್ಯು-9 ಎಂಬ ಪ್ರಶ್ನಾವಳಿಯಿಂದ. ಕಳೆದ ಎರಡು ವಾರಗಳಲ್ಲಿ ಹೇಗಿದ್ದಿರಿ ಎಂದು ಒಂಬತ್ತು ಪ್ರಶ್ನೆ. ಪ್ರತಿಯೊಂದಕ್ಕೂ ‘ಇಲ್ಲವೇ ಇಲ್ಲ’ ಎಂಬುದರಿಂದ ‘ಹೆಚ್ಚುಕಡಿಮೆ ದಿನವೂ’ ಎಂಬವರೆಗೆ ನಾಲ್ಕು ಉತ್ತರ. ಒಟ್ಟು ಅಂಕ 0ಯಿಂದ 27. ಆಸಕ್ತಿ, ನಿದ್ದೆ, ಹಸಿವು, ಏಕಾಗ್ರತೆ ಎಲ್ಲ ಕೇಳಿ ಒಂಬತ್ತನೆಯದಾಗಿ ಸಾವಿನ ಯೋಚನೆ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂದು ಕೇಳುತ್ತದೆ. ಪಕ್ಕದ ಮಂಚದವಳು ‘ಏನೇ ಅದು, ಕ್ವಿಜ್ಜಾ?’ ಎಂದು ಬಗ್ಗಿ ನೋಡುತ್ತಿರುವಾಗ ಯಾರು ತಾನೇ ನಿಜ ಒತ್ತುತ್ತಾರೆ? ಬೆರಳು ‘ಇಲ್ಲವೇ ಇಲ್ಲ’ದ ಕಡೆ ಹೋಗುತ್ತದೆ. ತಪ್ಪು ಉತ್ತರ ನಂಬಿ ಆ್ಯಪ್ ತಪ್ಪು ಪಾಠ ಕೊಡುತ್ತದೆ. ನಾಲ್ಕನೇ ದಿನ ಆಕೆಗೆ ಅನ್ನಿಸುತ್ತದೆ: ಇದು ನನಗೆ ಹೇಳಿದ್ದಲ್ಲ.

ಮನೆಯಲ್ಲಿದ್ದು ಓದುವವರಿಗೆ ಕೋಣೆಯ ತಾಪತ್ರಯ ಕಡಿಮೆ ಇರಬಹುದು, ಆದರೆ ಅಮ್ಮನ ಕಣ್ಣಿದೆ. ‘ಇದೇನೋ ಹಾಕ್ಕೊಂಡಿದೀಯಾ? ತಲೆ ಕೆಟ್ಟೋರಿಗಲ್ವೇನೋ ಇದು?’ ಎಂಬ ಒಂದೇ ಪ್ರಶ್ನೆಗೆ ಆ್ಯಪ್ ಮಾಯವಾಗುತ್ತದೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಚಿಕಿತ್ಸೆ ಬೇಕಿದ್ದೂ ಸಿಗದವರ ಪ್ರಮಾಣ ಕಾಯಿಲೆಯಿಂದ ಕಾಯಿಲೆಗೆ ಶೇ. 70ರಿಂದ 92ರವರೆಗಿತ್ತು. ಆಸ್ಪತ್ರೆಗೆ ಹೋಗಲು ಅಂಜುವವರಿಗೆ ಫೋನು ಸುಲಭದ ದಾರಿ ಎಂಬ ಆಸೆಯಿಂದಲೇ ಆನ್‌ಲೈನ್ ಕಾರ್ಯಕ್ರಮಗಳು ಹುಟ್ಟಿದ್ದು. ಆದರೆ ಫೋನು ನಮ್ಮಲ್ಲಿ ಅಷ್ಟು ಖಾಸಗಿ ವಸ್ತುವಲ್ಲ.

ಊಟದ ಆ್ಯಪ್‌ಗಳದು ಇನ್ನೊಂದು ತಮಾಷೆ. ಅವು ಸೌಟು ಬಳಕೆದಾರನ ಕೈಯಲ್ಲೇ ಇದೆ ಎಂದು ಭಾವಿಸುತ್ತವೆ. ಪಿ.ಜಿ.ಯಲ್ಲಿ ಬೆಳಗ್ಗೆ ಚಿತ್ರಾನ್ನ ಮಾಡಿದರೆ ಚಿತ್ರಾನ್ನ, ರಾತ್ರಿ ಅನ್ನ ಸಾರು ಎಂದರೆ ಅನ್ನ ಸಾರು. ಎಷ್ಟು ಪ್ರೋಟೀನ್ ಕಡಿಮೆ ಬಿತ್ತು ಎಂದು ದಿನವೂ ಕೆಂಪು ಬಣ್ಣದಲ್ಲಿ ತೋರಿಸಿದರೆ ಹುಡುಗ ಏನು ಮಾಡಿಯಾನು? ಬದಲಿಸಲಾಗದ್ದನ್ನು ದಿನವೂ ಅಳೆದು ತೋರಿಸುವ ಸಾಧನವನ್ನು ಮುಚ್ಚಿಡುವುದು ಸೋಮಾರಿತನವಲ್ಲ, ವಿವೇಕ.

ಕ್ಯಾಲೆಂಡರಿನ ಜಗಳ

ಕಾರ್ಯಕ್ರಮಗಳು ವಾರದ ಲೆಕ್ಕದಲ್ಲಿ ಸಾಗುತ್ತವೆ: ಎಂಟು ವಾರ, ಹನ್ನೆರಡು ವಾರ, ಎಲ್ಲ ವಾರಗಳೂ ಸಮಾನ. ವಿದ್ಯಾರ್ಥಿಯ ಬದುಕು ಸೆಮಿಸ್ಟರ್ ಲೆಕ್ಕದ್ದು. ಮೊದಲ ಮೂರು ವಾರ ಹಗುರ, ಆಮೇಲೆ ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್, ಅಸೈನ್‌ಮೆಂಟ್, ಫೆಸ್ಟ್, ಕೊನೆಗೆ ಸೆಮಿಸ್ಟರ್ ಪರೀಕ್ಷೆ. ವಿಟಿಯು ಕಾಲೇಜುಗಳಲ್ಲಿ ಶೇ. 85 ಹಾಜರಾತಿ ಬೇರೆ ಬೇಕು. ಒತ್ತಡ ನಿಭಾಯಿಸುವ ಪಾಠ ಅತಿ ಹೆಚ್ಚು ಬೇಕಾಗುವ ವಾರದಲ್ಲೇ ಅದಕ್ಕೆ ಸಮಯವಿರುವುದಿಲ್ಲ.

ಲಾಕ್‌ಡೌನ್ ಕಾಲದಲ್ಲಿ ಮೊಬೈಲ್ ನೋಡಿ ಸೂರ್ಯನಮಸ್ಕಾರ ಮಾಡಿದವರು ಎಷ್ಟೋ ಜನ. ಕಾಲೇಜು ತೆರೆದ ಮೇಲೆ ಅದೇ ಜನ ಬಿಟ್ಟರು. ಛಲ ರಾತ್ರೋರಾತ್ರಿ ಕರಗಿದ್ದಲ್ಲ; ಖಾಲಿ ದಿನಕ್ಕೆ ಹೊಂದಿಕೊಂಡಿದ್ದ ವೇಳಾಪಟ್ಟಿ ತುಂಬಿದ ದಿನಕ್ಕೆ ಹೊಂದಲಿಲ್ಲ ಅಷ್ಟೆ.

‘21 ದಿನದಲ್ಲಿ ಅಭ್ಯಾಸ’ ಎಂಬ ಜಾಹೀರಾತಿನ ಮಾತು ಮಾಡಿರುವ ಹಾನಿಯೂ ಕಡಿಮೆಯಲ್ಲ. ಈ ಅಂಕಿ ಹರಡಿದ್ದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಪುಸ್ತಕದಿಂದ. ಶಸ್ತ್ರಚಿಕಿತ್ಸೆಯಾದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ‘ಕನಿಷ್ಠ’ ಎಂಬುದು ದಾರಿಯಲ್ಲಿ ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು, ರಾತ್ರಿ ಊಟಕ್ಕೆ ಮುನ್ನ 15 ನಿಮಿಷ ಓಟ, ಇಂಥ ಸಣ್ಣ ಅಭ್ಯಾಸಗಳು ತಾವಾಗಿ ನಡೆಯುವ ಹಂತ ಮುಟ್ಟಲು ಹಿಡಿದ ಮಧ್ಯಮ ಅವಧಿ 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ಅಂದಾಜು ವ್ಯತ್ಯಾಸವಿತ್ತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಆದರೆ ಆ್ಯಪ್‌ಗಳ ‘ಸ್ಟ್ರೀಕ್’ ಇದಕ್ಕೆ ತದ್ವಿರುದ್ಧ. 19 ದಿನ ತಪ್ಪದೆ ಮಾಡಿ ಊರ ಜಾತ್ರೆಗೆಂದು ಹೋದ ಎರಡು ದಿನ ತಪ್ಪಿದರೆ ಲೆಕ್ಕ ಮತ್ತೆ ಸೊನ್ನೆ. ಸೊನ್ನೆ ಕಂಡವರು ಮುಂದೆ ತೆರೆಯುವುದೇ ಇಲ್ಲ.

ಭಾಷೆಯ ಮಾತನ್ನೂ ಹೇಳಬೇಕು. ರಾಮನಗರ, ಕನಕಪುರ, ಮಂಡ್ಯ ಕಡೆಯಿಂದ ಬಂದು ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗನಿಗೆ ಎಂಜಿನಿಯರಿಂಗಿನ ಇಂಗ್ಲಿಷು ಹೇಗೋ ಒಗ್ಗುತ್ತದೆ. ಸಂಕಟ ಹೇಳಿಕೊಳ್ಳುವ ಇಂಗ್ಲಿಷು ಅಷ್ಟು ಬೇಗ ಒಗ್ಗುವುದಿಲ್ಲ. ವೈಸಾ, ಹೆಲ್ತಿಫೈಮಿಯಂಥ ಆ್ಯಪ್‌ಗಳು ಹುಟ್ಟಿದ ಊರು ಬೆಂಗಳೂರೇ ಆದರೂ ಇಂಥ ಸೇವೆಗಳ ಮೊದಲ ಭಾಷೆ ಇಂಗ್ಲಿಷ್.

ಕೇಳುವವರಿದ್ದರೆ

ಇಷ್ಟೆಲ್ಲ ಅಡ್ಡಿಗಳ ನಡುವೆಯೂ ಉಳಿದವರು ಯಾಕೆ ಉಳಿದರು? ಸಂಶೋಧನೆಗಳು ಮತ್ತೆ ಮತ್ತೆ ತೋರಿಸುವ ಉತ್ತರ ಒಂದೇ: ಅವರನ್ನು ಕೇಳುವ ಮನುಷ್ಯರೊಬ್ಬರು ಇದ್ದರು. ಡೇವಿಡ್ ಮೋಹರ್, ಪಿಮ್ ಕೈಪರ್ಸ್ ಮತ್ತು ಕೆನೆತ್ ಲೇಮನ್ 2011ರಲ್ಲಿ ಇದನ್ನು ಒಂದು ಮಾದರಿಯಾಗಿ ವಿವರಿಸಿದರು. ನಂಬಿಕೆಗೆ ಅರ್ಹರಾದ, ಒಳಿತು ಬಯಸುವ ಒಬ್ಬರಿಗೆ ಲೆಕ್ಕ ಒಪ್ಪಿಸಬೇಕೆಂಬ ನಿರೀಕ್ಷೆ ಇದ್ದರೆ ಜನ ಕಾರ್ಯಕ್ರಮದಲ್ಲಿ ಉಳಿಯುತ್ತಾರೆ. ಆ ವ್ಯಕ್ತಿ ವೈದ್ಯರೇ ಆಗಬೇಕೆಂದಿಲ್ಲ, ವಾರಕ್ಕೆ ಹತ್ತು ನಿಮಿಷ ಸಾಕು. ನೋಟಿಫಿಕೇಷನ್ ಈ ಕೆಲಸ ಮಾಡಲಾರದು. ಅದಕ್ಕೆ ಉತ್ತರ ಕೊಡದಿದ್ದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಅದೂ ಅಲ್ಲದೆ ಧ್ಯಾನದ ನೋಟಿಫಿಕೇಷನ್ ಒತ್ತಲು ಫೋನ್ ಎತ್ತಿದವರು ಇನ್‌ಸ್ಟಾಗ್ರಾಂನಲ್ಲಿ ಅರ್ಧ ಗಂಟೆ ಕಳೆದು ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಫೋನಿನಂಥ ತಂತ್ರಜ್ಞಾನದ ಅತಿಬಳಕೆಗೆಂದೇ ನಿಮ್ಹಾನ್ಸ್ 2014ರಲ್ಲಿ ‘ಶಟ್ ಕ್ಲಿನಿಕ್’ ತೆರೆದಿರುವ ಊರಿದು.

ಹಾಗಾಗಿ ಸೇರುವ ಮುನ್ನ ನೋಡಬೇಕಾದ ಮೊದಲ ಸಂಗತಿ, ಆಚೆ ಬದಿಯಲ್ಲಿ ಮನುಷ್ಯರಿದ್ದಾರೆಯೇ ಎಂಬುದು. ಇಲ್ಲವಾದರೆ ಈಚೆ ಬದಿಯಲ್ಲಿ ಒಬ್ಬರನ್ನು ಹುಡುಕಿಕೊಳ್ಳಬೇಕು. ಒಬ್ಬ ಗೆಳೆಯ, ಅಕ್ಕ, ಸೀನಿಯರ್, ಯಾರಾದರೂ ಸರಿ. ಭಾನುವಾರ ಸಂಜೆ ‘ಈ ವಾರ ಎಷ್ಟು ದಿನ ಆಯ್ತೋ?’ ಎಂದು ಕೇಳಿದರೆ ಆಯಿತು. ಗುಂಪು ದೊಡ್ಡದಾದಷ್ಟೂ ಪ್ರಯೋಜನ ಕಡಿಮೆ. ನಲವತ್ತು ಜನರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರು ನಿಂತರೂ ಯಾರಿಗೂ ತಿಳಿಯುವುದಿಲ್ಲ.

ಎರಡನೆಯದು ಸಮಯ. ‘ದಿನಕ್ಕೆ 20 ನಿಮಿಷ’ ಎಂಬುದು ಯೋಜನೆಯಲ್ಲ. ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ವಿವರಿಸಿದಂತೆ, ‘ಇದು ಆದ ಕೂಡಲೇ ಅದು’ ಎಂದು ಮೊದಲೇ ಗಂಟು ಹಾಕಿಕೊಂಡ ಕೆಲಸಗಳು ನಡೆಯುವ ಸಾಧ್ಯತೆ ಹೆಚ್ಚು. ಗ್ರೀನ್ ಲೈನ್ ಮೆಟ್ರೊದಲ್ಲಿ ಜಯಪ್ರಕಾಶ ನಗರ ಬಿಟ್ಟರೆ ನ್ಯಾಷನಲ್ ಕಾಲೇಜು ಆರನೇ ನಿಲ್ದಾಣ. ಒಂದು ಸಣ್ಣ ಪಾಠ ಓದಿ ಮುಗಿಸಲು ಇಷ್ಟು ದಾರಿ ಸಾಕು, ಬಗ್ಗಿ ನೋಡುವ ರೂಮ್‌ಮೇಟೂ ಅಲ್ಲಿಲ್ಲ. ‘ಬನಶಂಕರಿ ದಾಟಿದ ಮೇಲೆ ತೆರೆಯುವೆ’ ಎಂದುಕೊಂಡರೆ ಅದು ಯೋಜನೆ. ವ್ಯಾಯಾಮವಾದರೆ ಮೊಬೈಲಿನ ಪರದೆಯನ್ನೇ ಬಿಟ್ಟು ಹೊರಗೆ ಹೋಗುವುದು ವಾಸಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ. ಚುರುಕಾದ ನಡಿಗೆಯೂ ಆ ಲೆಕ್ಕಕ್ಕೆ ಬರುತ್ತದೆ. ಕಾಲೇಜಿನಿಂದ ಬರುವಾಗ ಒಂದು ಸ್ಟಾಪ್ ಮೊದಲೇ ಇಳಿದು ನಡೆದರೂ ಲೆಕ್ಕವೇ. ಹತ್ತು ಸಾವಿರ ಹೆಜ್ಜೆಯ ಗುರಿ ವೈದ್ಯರು ಹಾಕಿದ್ದಲ್ಲ. ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು.

ಯಾವಾಗ ಶುರುಮಾಡಬೇಕು ಎಂಬುದಕ್ಕೂ ಒಂದು ಸುಳುಹು ಇದೆ. ಹೆಂಗ್‌ಚೆನ್ ಡಾಯ್, ಕೇಟಿ ಮಿಲ್ಕ್‌ಮನ್, ಜೇಸನ್ ರೈಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಶ್ವವಿದ್ಯಾಲಯವೊಂದರ ಜಿಮ್ ಹಾಜರಾತಿ ಹೊಸ ವಾರ, ಹೊಸ ತಿಂಗಳು, ಹೊಸ ಸೆಮಿಸ್ಟರ್ ಶುರುವಾದಾಗ ಏರುತ್ತಿತ್ತು. ಬಿಟ್ಟವರು ಮತ್ತೆ ಹಿಡಿಯಲು ಮುಂದಿನ ಜನವರಿಯವರೆಗೆ ಕಾಯಬೇಕಿಲ್ಲ, ಬರುವ ಸೋಮವಾರವೇ ಆದೀತು. ಕಾರ್ಯಕ್ರಮವನ್ನು ಸೆಮಿಸ್ಟರಿನ ಮೊದಲ ವಾರವೇ ಆರಂಭಿಸಿ, ಪರೀಕ್ಷೆಯ ಹದಿನೈದು ದಿನ ‘ರಜೆ’ ಎಂದು ಮೊದಲೇ ಬರೆದಿಟ್ಟುಕೊಂಡರೆ ಆ ರಜೆ ಸೋಲು ಅನ್ನಿಸುವುದಿಲ್ಲ.

ಬಿಡುವುದಾದರೆ ಹೀಗೆ ಬಿಡಿ

ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ‘ಏಳು ದಿನ ಉಚಿತ’ ಎಂದು ಸೇರುವಾಗ ಯುಪಿಐ ಆಟೊಪೇ ಒಪ್ಪಿಗೆ ಕೊಟ್ಟಿದ್ದರೆ ಹಣ ಕಡಿತವಾಗುತ್ತಲೇ ಇರುತ್ತದೆ. ಯುಪಿಐ ಆ್ಯಪಿನ ಆಟೊಪೇ ವಿಭಾಗಕ್ಕೆ ಹೋಗಿ ಅದನ್ನು ರದ್ದು ಮಾಡಬೇಕು. ರಿಸರ್ವ್ ಬ್ಯಾಂಕ್ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಆ ಮೆಸೇಜನ್ನು ಓದದೆ ಅಳಿಸಬಾರದು. ಖಾತೆಯನ್ನೂ ಅದರಲ್ಲಿ ತುಂಬಿದ ಮಾಹಿತಿಯನ್ನೂ ಅಳಿಸುವಂತೆ ಕೇಳಿ ಹೊರಬರುವುದು ಒಳ್ಳೆಯದು. ಪಿಯುಸಿ ಓದುವವರನ್ನೂ ನಾವು ಕಾಲೇಜಿನವರು ಎನ್ನುತ್ತೇವೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದೃಷ್ಟಿಯಲ್ಲಿ 18 ತುಂಬದವರು ಮಕ್ಕಳು. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎನ್ನುತ್ತದೆ ಅದು.

ಇನ್ನೊಂದು ಬಗೆಯ ಬಿಡುವಿಕೆಯಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬೇಸರ, ನಿದ್ರೆಗೇಡು, ಭಯ ಹೆಚ್ಚಾಗಿ ಆ್ಯಪ್ ತೆರೆಯುವ ಶಕ್ತಿಯೂ ಇಲ್ಲದೆ ನಿಂತವರು ಇರುತ್ತಾರೆ. ಖಿನ್ನತೆಯ ಲಕ್ಷಣವೇ ಆಸಕ್ತಿ ಉಡುಗುವುದು. ಕಾರ್ಯಕ್ರಮದ ಮೇಲಿನ ಆಸಕ್ತಿಯೂ ಅದರ ಜೊತೆಗೇ ಹೋಗುತ್ತದೆ. ಎರಡು ವಾರ ಕಳೆದರೂ ಮನಸ್ಸು ಎದ್ದಿಲ್ಲ, ಊಟ ನಿದ್ದೆ ಕೆಟ್ಟಿದೆ, ತರಗತಿಗೆ ಹೋಗುವುದು ನಿಂತಿದೆ ಎಂದಾದರೆ ಹೊಸ ಆ್ಯಪ್ ಹುಡುಕುವ ಸಮಯವಲ್ಲ ಅದು. ಸಾಯುವ ಯೋಚನೆ ಬಂದಿದ್ದರೆ ಎರಡು ವಾರವೂ ಕಾಯಬಾರದು, ಅಂದೇ ಯಾರಿಗಾದರೂ ಹೇಳಬೇಕು.

ಮೊದಲ ಬಾಗಿಲು ಕಾಲೇಜಿನಲ್ಲೇ ಇರಬೇಕು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕು, ಸಹಾಯವಾಣಿ ಸಂಖ್ಯೆಗಳನ್ನು ಹಾಸ್ಟೆಲ್, ತರಗತಿಗಳಲ್ಲಿ ಕಾಣುವಂತೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಸುಕ್‌ದೇಬ್ ಸಾಹಾ ಪ್ರಕರಣದಲ್ಲಿ ನಿರ್ದೇಶಿಸಿದೆ. ‘ನಮ್ಮ ಕಾಲೇಜಿನ ಕೌನ್ಸೆಲರ್ ಯಾರು, ಯಾವ ಕೋಣೆ, ಎಷ್ಟು ಹೊತ್ತಿಗೆ?’ ಎಂದು ಕೇಳುವುದು ವಿದ್ಯಾರ್ಥಿಗಳ ಹಕ್ಕು. ಸಾರಕ್ಕಿಯವರಿಗೆ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್‌ಬೀಯಿಂಗ್ ಕೂಡ ದೂರವಲ್ಲ, ಅದು ಇರುವುದು ಬಿಟಿಎಂ ಬಡಾವಣೆಯಲ್ಲಿ.

ಕೋಣೆಯಿಂದ ಕದಲಲೂ ಆಗದವರಿಗೆ ಟೆಲಿ ಮಾನಸ್ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಈ ಸಹಾಯವಾಣಿಯ ಮುಖ್ಯ ಕೇಂದ್ರ ನಿಮ್ಹಾನ್ಸ್, ತಾಂತ್ರಿಕ ನೆರವು ಬೆಂಗಳೂರಿನ ಐಐಐಟಿಯದು. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.